ಗುರಾಣಿ ಯಾರಿಗೆ ಹಿಡಿದಿದ್ದ: ಎರಡು ಸಾಹಸದ ನಡುವಿನ ಮೂರು ತಿಂಗಳು, ಒಂದು ಪ್ರಕರಣ ಅಧ್ಯಯನ

ನಮ್ಮ ಟೇಬಲ್‌ನಲ್ಲಿ ನಾಲ್ಕು ಜನ ಆಡ್ತಾರೆ, ಐದನೆಯವಳು ನಾನು, ಡಿಎಂ, ಅಂದ್ರೆ ಆಟ ನಡೆಸೋಳು. ಮೈಸೂರಲ್ಲಿ ನಮ್ಮನೆ ಊಟದ ಟೇಬಲ್ಲೇ ಆಟದ ಟೇಬಲ್ಲು, ಭಾನುವಾರ ಊಟ ಮುಗಿಸಿ 3 ಗಂಟೆಗೆ ಕೂತ್ರೆ 7ರ ತನಕ ಏಳಲ್ಲ. ಆಡೋದು ಡಂಜನ್ಸ್ ಅಂಡ್ ಡ್ರಾಗನ್ಸ್, ಒಬ್ಬೊಬ್ಬರು ಒಂದೊಂದು ಪಾತ್ರ ಆಗಿ ಮಾತಲ್ಲೂ ಡೈಸಲ್ಲೂ ಕಥೆ ಕಟ್ಟೋ ಆಟ, ಐದನೇ ಎಡಿಶನ್, 2014ರ ರೂಲ್ಸು. ಮೊದಲು ಆಡಿದ್ದು ಸ್ಟಾರ್ಟರ್ ಸೆಟ್ ಜೊತೆ ಬಂದ ಫ್ಯಾಂಡಲಿನ್ ಊರಿನ ಸಾಹಸ, ಒಂದನೇ ಲೆವೆಲ್‌ನಿಂದ ಶುರುವಾಗಿ ಐದರ ಹತ್ರ ಮುಗಿಯುತ್ತಲ್ಲ, ಅದು. ನಮಗೆ 18 ಸೆಷನ್ ಹಿಡೀತು. ಅದನ್ನ ಇನ್ನೂ ಆಡದೆ ಇರೋರಿಗೆ ಒಂದು ಮಾತು, ಆ ಊರಿನ ಕೆಲವು ಜನರ ವಿಷಯ ಕೆಳಗೆ ಬರುತ್ತೆ, ಆಡೋ ಪ್ಲಾನ್ ಇದ್ರೆ ಆಡಿ ಆಮೇಲೆ ಓದಿ.

ನಾನು ಬರೀತಿರೋದು ಆ ಸಾಹಸದ ಬಗ್ಗೆ ಅಲ್ಲ. ಅದು ಮುಗಿದು ಮುಂದಿಂದು ಶುರುವಾಗೋದ್ರೊಳಗೆ ಆಟದೊಳಗೆ ಮೂರು ತಿಂಗಳ ಚಳಿಗಾಲ ಕಳೀತು, ಆ ಮೂರು ತಿಂಗಳನ್ನ ನಾವು ಒಂದು ಸಲ ಆಡಿ ಕೆಡಿಸ್ಕೊಂಡು ಮತ್ತೆ ಮೊದಲಿಂದ ಆಡಿದ್ವಿ, ಅದರ ಬಗ್ಗೆ. ಡೌನ್‌ಟೈಮ್ ಅಂತ ಎಲ್ರೂ ಕರೀತಾರೆ. ನಾನು ನೋಡಿರೋ ಹೆಚ್ಚಿನ ಟೇಬಲ್‌ಗಳಲ್ಲಿ ಇದು ಹದಿನೈದು ನಿಮಿಷದ ವಿಷಯ, "ಸರಿ, ಮೂರು ತಿಂಗಳು ಆಯ್ತು, ಏನು ಕಲಿತ್ರಿ ಬರ್ಕೊಳ್ಳಿ" ಅಂದು ಮುಂದೆ ಹೋಗ್ಬಿಡ್ತಾರೆ. ಪಾತ್ರ ಅನ್ನೋದು ಬೆಳೆಯೋ ಜಾಗನೇ ಅದು ಅಂತ ನಂಗೆ ಈಗ ಅನ್ಸುತ್ತೆ, ಹಾಗಾಗಿ ನಡೆದಿದ್ದನ್ನ ನಡೆದ ಹಾಗೇ ಬರೀತೀನಿ.

ಮೊದಲು ಜನ. ಹೊಡೆದಾಡೋ ಫೈಟರ್ ಹಾಲ್ಡನ್‌ನ ಆಡೋನು ನನ್ನ ಹಳೇ ಕಾಲೇಜು ಸ್ನೇಹಿತ, ಮೈಸೂರಿನವನೇ, ಅವನ ಅಜ್ಜ ಗರಡಿ ಮನೆಗೆ ಹೋಗ್ತಿದ್ದೋರು. ಮಂತ್ರ ಹಾಕೋ ವಿಝರ್ಡ್ ಮಿರೆಲ್‌ನ ಆಡೋನು ನನ್ನ ಚಿಕ್ಕಮ್ಮನ ಮಗ, ರೂಲ್ ಬುಕ್ ಎಲ್ಲಾ ಬಾಯಿಪಾಠ. ದೇವರ ಸೇವೆ ಮಾಡೋ ಕ್ಲೆರಿಕ್ ಓರ್ಲಾನ ಆಡೋಳು ನರ್ಸು, ನೈಟ್ ಡ್ಯೂಟಿ ಮುಗಿಸಿ ಮಧ್ಯಾಹ್ನದ ತನಕ ಮಲಗಿ ಎದ್ದು ಬರ್ತಾಳೆ. ಕಳ್ಳತನ ಬಲ್ಲ ರೋಗ್ ಪಿಪ್ಪಾನ ಆಡೋಳು ಡಿಗ್ರಿ ಓದ್ತಿರೋ ಹುಡುಗಿ, ನಮ್ಮೆಲ್ರಿಗಿಂತ ಚಿಕ್ಕವಳು, ಇದೇ ಅವಳ ಮೊದಲ ಕ್ಯಾಂಪೇನ್, ಅಂದ್ರೆ ಸೆಷನ್‌ನಿಂದ ಸೆಷನ್‌ಗೆ ಮುಂದುವರಿಯೋ ಆಟ.

ಈ ನಾಲ್ಕು ಜನರ ಹಿಂದಿನ ಕಥೆಗಳು ಹೇಗಿದ್ವು ಅಂತ ಹೇಳ್ಬೇಕು, ಸಮಸ್ಯೆ ಅರ್ಧ ಅಲ್ಲೇ ಇತ್ತು. ಹಾಲ್ಡನ್‌ದು ಆರು ಪುಟ. ಊರು, ಅಪ್ಪ, ಸೈನ್ಯ, ಯುದ್ಧ, ಊರು ಸುಟ್ಟು ಹೋಗಿದ್ದು, ಮನೆಯವರೆಲ್ಲ ಸತ್ತಿದ್ದು, ತುಂಬಾ ಚೆನ್ನಾಗಿ ಬರೆದಿದ್ದ, ಮೊದಲ ಸೆಷನ್‌ಗೆ ಮುಂಚೆ ಓದಿ ನಾನು ಖುಷಿಪಟ್ಟೆ, ಆಮೇಲೆ 18 ಸೆಷನ್‌ನಲ್ಲಿ ಅದರಲ್ಲಿ ಒಂದೇ ಒಂದು ಸಾಲು ಆಟದೊಳಗೆ ಬರಲಿಲ್ಲ. ಬರಕ್ಕೆ ಸಾಧ್ಯನೂ ಇರಲಿಲ್ಲ, ಯಾಕಂದ್ರೆ ಆ ಆರು ಪುಟದಲ್ಲಿ ಬದುಕಿರೋರು ಯಾರೂ ಇಲ್ಲ, ಎಲ್ಲಾ ಮುಗಿದು ಹೋದ ಕಥೆ, ನಾನು ಕೈ ಇಡಕ್ಕೆ ಒಂದು ಎಳೆ ಬಿಟ್ಟಿರಲಿಲ್ಲ. ಮಿರೆಲ್‌ದು ಎರಡು ಸಾಲು. ಓರ್ಲಾದು ಅರ್ಧ ಪುಟ, ಅದರಲ್ಲಿ ಗುಡಿಗೆ ಕೊಡಬೇಕಾದ ಒಂದು ಸಾಲ ಇತ್ತು, ಆ ಸಾಲ ಹದಿನೆಂಟು ಸೆಷನ್‌ನಲ್ಲಿ ನಾಲ್ಕು ಸಲ ಕೆಲಸಕ್ಕೆ ಬಂತು. ಪಿಪ್ಪಾದು ಖಾಲಿ. "ನಂಗೆ ಕಥೆ ಬರಿಯಕ್ಕೆ ಬರಲ್ಲ ಅಕ್ಕಾ" ಅಂದಿದ್ಲು, ನಾನೂ ಒತ್ತಾಯ ಮಾಡಿರಲಿಲ್ಲ.

ಈಗ ಮೊದಲನೇ ಪ್ರಯತ್ನ, 19ನೇ ಸೆಷನ್. ಸಾಹಸ ಮುಗಿಯೋ ವೇವ್ ಎಕೋ ಗುಹೆಯಿಂದ ಎಲ್ರೂ ಜೀವಂತ ಬಂದಿದ್ರು, ಒಬ್ಬೊಬ್ಬರ ಹತ್ರ 600ರ ಆಸುಪಾಸು ಗೋಲ್ಡ್ ಪೀಸ್, ಅಂದ್ರೆ ಆಟದ ಚಿನ್ನದ ನಾಣ್ಯ, ಇತ್ತು, ಹೊರಗೆ ಹಿಮ ಬೀಳ್ತಿದೆ, ಫ್ಯಾಂಡಲಿನ್‌ನಲ್ಲೇ ಚಳಿಗಾಲ ಕಳೆಯೋದು ಅಂತ ಮಾಡಿದ್ರು. ನಾನು ಒಂದು ವಾರ ಕೂತು ಎಕ್ಸೆಲ್ ಶೀಟ್ ರೆಡಿ ಮಾಡಿದ್ದೆ. 12 ವಾರ, ಒಂದೊಂದು ವಾರಕ್ಕೆ ಒಂದೊಂದು ಚೌಕ, ಯಾರು ಯಾವ ವಾರ ಏನು ಮಾಡ್ತಾರೆ, ಎಷ್ಟು ಖರ್ಚು.

ಇಲ್ಲಿ ರೂಲ್ಸ್ ಸ್ವಲ್ಪ ಹೇಳ್ದೆ ಮುಂದೆ ಹೋಗಕ್ಕಾಗಲ್ಲ. 2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್ ಪ್ರಕಾರ ಹೊಸ ಭಾಷೆನೋ ಒಂದು ಉಪಕರಣದ ಕೆಲಸನೋ ಕಲಿಯಕ್ಕೆ 250 ದಿನ, ದಿನಕ್ಕೆ 1 ಗೋಲ್ಡ್. 250 ದಿನ ಅಂದ್ರೆ ಎಂಟು ತಿಂಗಳ ಮೇಲೆ, ಯಾವ ಸಾಹಸ ಅಷ್ಟು ದಿನ ಕಾಯುತ್ತೆ ಹೇಳಿ. 2017ರಲ್ಲಿ ಬಂದ ಜನಾಥರ್ಸ್ ಗೈಡ್ ಅನ್ನೋ ಇನ್ನೊಂದು ರೂಲ್ ಬುಕ್‌ನಲ್ಲಿ ಇದನ್ನ ಸರಿ ಮಾಡಿದ್ರು, 10 ವರ್ಕ್‌ವೀಕ್, ವಾರಕ್ಕೆ 25 ಗೋಲ್ಡ್, ನಿಮ್ಮ ಇಂಟೆಲಿಜೆನ್ಸ್ ಮಾಡಿಫೈಯರ್, ಅಂದ್ರೆ ಪಾತ್ರದ ಬುದ್ಧಿಯ ಅಂಕದಿಂದ ಬರೋ ಪ್ಲಸ್ಸು, ಎಷ್ಟಿದೆಯೋ ಅಷ್ಟು ವಾರ ಕಡಿಮೆ. ನಾನು ಇದನ್ನೇ ತಗೊಂಡೆ. ಲೆಕ್ಕ ಹಾಕಿ ನೋಡಿ ಏನಾಯ್ತು ಅಂತ. ಮಿರೆಲ್ ಇಂಟೆಲಿಜೆನ್ಸ್ 18, ಅಂದ್ರೆ ಪ್ಲಸ್ 4, ಅವನಿಗೆ 6 ವಾರ, 150 ಗೋಲ್ಡ್. ಹಾಲ್ಡನ್‌ದು 8, ಮೈನಸ್ ಇದ್ರೂ ವಾರ ಜಾಸ್ತಿ ಆಗಲ್ಲ ಅನ್ನೋ ರೂಲ್ ಇದೆ ಪುಣ್ಯಕ್ಕೆ, ಆದ್ರೂ 10 ವಾರ, 250 ಗೋಲ್ಡ್. ಚಳಿಗಾಲ ಪೂರ್ತಿ ಫೈಟರ್ ಒಂದು ಕೆಲಸ ಕಲಿಯೋದ್ರೊಳಗೆ ವಿಝರ್ಡ್ ಎರಡು ಕಲಿತು ಮುಗಿಸ್ತಾನೆ, ಅಥವಾ ಒಂದು ಕಲಿತು ಉಳಿದ ವಾರದಲ್ಲಿ ಸ್ಪೆಲ್‌ಗಳನ್ನ, ಅಂದ್ರೆ ಮಂತ್ರಗಳನ್ನ, ಪುಸ್ತಕಕ್ಕೆ ಬರ್ಕೊಳ್ತಾನೆ, ಅದಕ್ಕೆ ಬೇಕಾಗೋದು ಸ್ಪೆಲ್‌ನ ಒಂದೊಂದು ಲೆವೆಲ್‌ಗೆ 2 ಗಂಟೆ ಮತ್ತು 50 ಗೋಲ್ಡ್ ಅಷ್ಟೇ, ಮೂರನೇ ಲೆವೆಲ್ ಸ್ಪೆಲ್ ಆದ್ರೂ ಅರ್ಧ ದಿನದ ಕೆಲಸ. ಹಾಲ್ಡನ್‌ಗೆ ಬೇಕಾಗಿದ್ದು ಭಾಷೆನೂ ಅಲ್ಲ ಕಮ್ಮಾರಿಕೆನೂ ಅಲ್ಲ, ಅವನಿಗೆ ಇನ್ನೂ ಚೆನ್ನಾಗಿ ಹೊಡೆದಾಡೋದು ಕಲೀಬೇಕಿತ್ತು, ಆ ಪಟ್ಟಿಯಲ್ಲಿ ಅದು ಇಲ್ವೇ ಇಲ್ಲ. ಹೊಡೆದಾಟ ಅನ್ನೋದು ಲೆವೆಲ್ ಏರಿದಾಗ ತಾನಾಗೇ ಬರೋದು ಅಂತ ರೂಲ್ಸ್ ಅಂದ್ಕೊಂಡಿದೆ.

ಎರಡೂವರೆ ಗಂಟೆ ಡೈಸ್ ಉರುಳಿಸಿದ್ವಿ. ಟ್ರೈನಿಂಗ್‌ನಲ್ಲಿ ತೊಂದರೆ ಬರುತ್ತಾ ಅಂತ ಡೈಸ್, ಪಿಪ್ಪಾ ಕಳ್ಳತನಕ್ಕೆ ಹೋದ್ರೆ ಸಿಕ್ಕಿಬೀಳ್ತಾಳಾ ಅಂತ ಡೈಸ್, ಒಬ್ಬರ ಸರದಿ ಬಂದಾಗ ಉಳಿದ ಮೂರು ಜನ ಮೊಬೈಲ್ ನೋಡ್ತಿದ್ರು. ಕೊನೆಗೆ ನಾನು ಹಾಲ್ಡನ್‌ಗೆ ಹೇಳಿದೆ, 10 ವಾರ ಆಯ್ತು, 250 ಗೋಲ್ಡ್ ಕಳ್ಕೋ, ಕಮ್ಮಾರನ ಉಪಕರಣ ಬಳಸೋದು ಬಂತು ಅಂತ ನಿನ್ನ ಪಾತ್ರದ ಶೀಟ್‌ನಲ್ಲಿ ಬರ್ಕೋ. ಅವನು ಬರ್ಕೊಂಡ. ಪೆನ್ಸಿಲ್ ಇಟ್ಟ. "ಅಷ್ಟೇನಾ?" ಅಂದ.

ಕೋಪದಲ್ಲಿ ಅಂದಿದ್ದಲ್ಲ ಅದು, ನಿಜವಾಗ್ಲೂ ಕೇಳಿದ್ದು, ಇನ್ನೇನೋ ಇದೆ ಅಂದ್ಕೊಂಡು ಕಾಯ್ತಿದ್ದ. ನನ್ನ ಹತ್ರ ಇನ್ನೇನೂ ಇರಲಿಲ್ಲ. ಆ ಸೆಷನ್ 5:30ಕ್ಕೇ ಮುಗೀತು, ಎಲ್ರೂ ಕಾಫಿ ಕುಡಿದು ಹೋದ್ರು.

ಆ ವಾರ ನಾನು ಹಳೇ ಆಟಗಳು ಇದನ್ನ ಹೇಗೆ ಮಾಡ್ತಿದ್ವು ಅಂತ ಹುಡುಕ್ತಾ ಕೂತೆ. 1979ರ ಅಡ್ವಾನ್ಸ್ಡ್ ಡಿ ಅಂಡ್ ಡಿಯ ಡಿಎಂ ಗೈಡ್‌ನಲ್ಲಿ ಗೇರಿ ಗೈಗ್ಯಾಕ್ಸ್ ಬರೆದಿರೋದು ಹೀಗೆ: ಲೆವೆಲ್ ಏರಬೇಕಾ, ಟ್ರೈನಿಂಗ್ ಕಡ್ಡಾಯ, ವಾರಕ್ಕೆ ಲೆವೆಲ್ ಇಂಟು 1,500 ಗೋಲ್ಡ್. ನಾಲ್ಕನೇ ಲೆವೆಲ್ ಪಾತ್ರಕ್ಕೆ ವಾರಕ್ಕೆ 6,000. ಎಷ್ಟು ವಾರ ಅನ್ನೋದು ಆಟಗಾರ ತನ್ನ ಪಾತ್ರಕ್ಕೆ ತಕ್ಕ ಹಾಗೆ ಆಡಿದ್ನಾ ಅಂತ ಡಿಎಂ ಕೊಡೋ 1ರಿಂದ 4ರ ರೇಟಿಂಗ್ ಮೇಲೆ. ಆ ಕಾಲದಲ್ಲಿ ಲೆವೆಲ್ ಏರಿಸೋ ಎಕ್ಸ್‌ಪೀರಿಯನ್ಸ್ ಪಾಯಿಂಟ್ ಹೆಚ್ಚಾಗಿ ಬರ್ತಿದ್ದಿದ್ದು ನಿಧಿ ತಂದಿದ್ದಕ್ಕೆ, ಹಾಗಾಗಿ ಪಾತ್ರಗಳ ಹತ್ರ ದುಡ್ಡು ರಾಶಿ ಬೀಳ್ತಿತ್ತು, ಅದನ್ನ ಖಾಲಿ ಮಾಡಿಸಕ್ಕೆ ಟ್ರೈನಿಂಗ್ ಒಳ್ಳೇ ದಾರಿ. 2014ರ ಡಿಎಂ ಗೈಡ್‌ನಲ್ಲೂ ಬೇಕಾದ್ರೆ ಬಳಸಿ ಅಂತ ಇಂಥದ್ದೊಂದು ಇದೆ, ಐದನೇ ಲೆವೆಲ್‌ಗೆ 20 ದಿನ 40 ಗೋಲ್ಡ್. ನೋಡ್ತಾ ನೋಡ್ತಾ ನಂಗೆ ಗೊತ್ತಾಗಿದ್ದು, ಈ ಎಲ್ಲಾ ರೂಲ್‌ಗಳಲ್ಲೂ ದಿನ ಇದೆ, ದುಡ್ಡಿದೆ, ಗುರು ಮಾತ್ರ ಎಲ್ಲೂ ಮನುಷ್ಯನಾಗಿ ಬರಲ್ಲ. ಫೀಸ್ ಕಟ್ಟಿಸ್ಕೊಳ್ಳೋ ಕೌಂಟರ್ ಥರ ಇರ್ತಾನೆ.

ಬೇರೆ ಆಟಗಳಲ್ಲಿ ಬೇರೆ ಥರ ಇತ್ತು. 1985ರ ಪೆಂಡ್ರಾಗನ್, ಗ್ರೆಗ್ ಸ್ಟ್ಯಾಫರ್ಡ್ ಮಾಡಿದ್ದು, ಆರ್ಥರ್ ರಾಜನ ನೈಟ್‌ಗಳ, ಅಂದ್ರೆ ಕುದುರೆ ಏರಿದ ಯೋಧರ, ಆಟ, ಅದರಲ್ಲಿ ವರ್ಷಕ್ಕೊಂದು ಸಾಹಸ, ಆಮೇಲೆ ವಿಂಟರ್ ಫೇಸ್, ನೈಟ್ ಮನೆಗೆ ಹೋಗ್ತಾನೆ, ಕುದುರೆ ಬದುಕ್ತಾ, ಮಗು ಹುಟ್ತಾ, ವಯಸ್ಸಾಗಿ ಶಕ್ತಿ ಕಡಿಮೆ ಆಯ್ತಾ ಎಲ್ಲಾ ಡೈಸ್‌ನಲ್ಲಿ ಬರುತ್ತೆ, ಅಭ್ಯಾಸನೂ ಆವಾಗ್ಲೇ. ಅಪ್ಪ ಸತ್ರೆ ಮಗನ್ನ ಆಡ್ತಾ ಹೋಗ್ತೀರ. 1987ರ ಆರ್ಸ್ ಮ್ಯಾಜಿಕಾದಲ್ಲಿ ಇನ್ನೂ ಉಲ್ಟಾ, ಮಂತ್ರವಾದಿಗೆ ವರ್ಷದ ನಾಲ್ಕು ಋತುನೂ ಓದೋದು ಬರೆಯೋದು ಪ್ರಯೋಗ ಮಾಡೋದೇ ನಿಜವಾದ ಕೆಲಸ, ಸಾಹಸ ಅನ್ನೋದು ಆ ಕೆಲಸ ಕೆಡಿಸಕ್ಕೆ ಬರೋ ಅಡ್ಡಿ. 1977ರ ಟ್ರಾವೆಲರ್‌ನಲ್ಲಿ ಹಿಂದಿನ ಕಥೆನ ಯಾರೂ ಕೂತು ಬರೆಯಲ್ಲ, ನಾಲ್ಕು ನಾಲ್ಕು ವರ್ಷದ ಸರ್ವಿಸ್‌ನ ಡೈಸ್ ಹಾಕಿ ಕಳೀತಾರೆ, ಆಟ ಶುರುವಾಗೋ ಮುಂಚೆನೇ ಪಾತ್ರ ಸತ್ತೂ ಹೋಗಬಹುದು. 2017ರ ಬ್ಲೇಡ್ಸ್ ಇನ್ ದಿ ಡಾರ್ಕ್‌ನಲ್ಲಿ ಒಂದು ಕೆಲಸ ಮುಗಿದ ಮೇಲೆ ಒಬ್ಬೊಬ್ಬರಿಗೆ ಎರಡು ಕೆಲಸಕ್ಕೆ ಅವಕಾಶ, ಅಷ್ಟರಲ್ಲಿ ಟ್ರೈನಿಂಗ್ ಮಾಡ್ತೀಯೋ, ಗಾಯ ವಾಸಿ ಮಾಡ್ಕೊಳ್ತೀಯೋ, ಚಟಕ್ಕೆ ಹೋಗ್ತೀಯೋ ನಿಂಗೆ ಬಿಟ್ಟಿದ್ದು, ದೊಡ್ಡ ಕೆಲಸಕ್ಕೆ ಗಡಿಯಾರದ ಥರ ಒಂದು ವೃತ್ತ ಬರೆದು ಭಾಗ ಮಾಡಿ ತುಂಬಿಸ್ತಾ ಹೋಗ್ತಾರೆ.

ಆಮೇಲೆ ವಾಟ್ಸಾಪ್ ಗ್ರೂಪ್‌ನಲ್ಲಿ ಕೇಳಿದೆ, ಆ ಚಳಿಗಾಲ ನಡೆದೇ ಇಲ್ಲ ಅಂದ್ಕೊಂಡು ಮತ್ತೆ ಆಡೋಣ್ವಾ ಅಂತ. ಎಲ್ರೂ ಒಪ್ಪಿದ್ರು, ಮಿರೆಲ್ ಆಡೋ ನನ್ನ ತಮ್ಮ ಮಾತ್ರ "ನನ್ನ ಸ್ಪೆಲ್ ಬರ್ಕೊಂಡಿದ್ದು ವಾಪಸ್ ಹೋಗಲ್ಲ ತಾನೇ" ಅಂತ ಕೇಳಿ ಖಾತ್ರಿ ಮಾಡ್ಕೊಂಡ.

ಎರಡನೇ ಸಲ ಹೀಗೆ ಮಾಡಿದ್ವಿ. ಚಳಿಗಾಲಕ್ಕೆ ಮೂರು ತಿಂಗಳು, ಒಂದೊಂದು ತಿಂಗಳು ಒಂದೊಂದು ಸುತ್ತು, ಸುತ್ತಿಗೆ ಒಬ್ಬರಿಗೆ ಒಂದೇ ಕೆಲಸ. ಕಲೀಬೇಕು ಅಂದ್ರೆ ಊರಲ್ಲಿ ಕಲಿಸೋರು ಒಬ್ಬರು ಇರಲೇಬೇಕು, ಅವರಿಗೂ ಏನಾದ್ರೂ ಬೇಕಾಗಿರಬೇಕು, ಮತ್ತೆ ಅದು ದುಡ್ಡಾಗಿರಬಾರದು. ಇನ್ನೊಂದು, ಇದೇ ಮುಖ್ಯ ಆಗಿದ್ದು ಕೊನೆಗೆ: ಪ್ರತಿ ಸುತ್ತಲ್ಲೂ ಒಬ್ಬೊಬ್ಬರಿಗೂ ಅವರ ಪಾತ್ರದ ಹಿಂದಿನ ಬಗ್ಗೆ ಒಂದು ಪ್ರಶ್ನೆ ಬರುತ್ತೆ, ಕೇಳೋದು ನಾನಲ್ಲ, ಪಕ್ಕದಲ್ಲಿ ಕೂತಿರೋ ಆಟಗಾರರು. ಉತ್ತರ ಮೂರು ವಾಕ್ಯದೊಳಗೆ, ಅದರಲ್ಲಿ ಇನ್ನೂ ಬದುಕಿರೋ ಒಬ್ಬ ಮನುಷ್ಯ ಇರಬೇಕು. ಬೇಡ ಅನ್ಸಿದ್ರೆ ಉತ್ತರ ಹೇಳ್ದೆ ಮುಂದೆ ಹೋಗಬಹುದು, ಕಾರಣ ಕೇಳೋ ಹಾಗಿಲ್ಲ.

ಹಾಲ್ಡನ್‌ಗೆ ಗುರು ಯಾರು ಅಂತ ನಂಗೆ ಅನುಮಾನನೇ ಇರಲಿಲ್ಲ. ಫ್ಯಾಂಡಲಿನ್‌ನಲ್ಲಿ ಡಾರನ್ ಎಡರ್ಮತ್ ಅಂತ ಒಬ್ಬ ಹಾಫ್ ಎಲ್ಫ್, ಅಂದ್ರೆ ಅರ್ಧ ಮನುಷ್ಯ, ಅರ್ಧ ತುಂಬಾ ವರ್ಷ ಬದುಕೋ ಎಲ್ಫ್ ಜನಾಂಗದವನು, ಇದಾನೆ, ನೂರು ದಾಟಿರೋ ವಯಸ್ಸು, ಬೆಳ್ಳಿ ಕೂದಲು, ಹಿಂದೆ ಸಾಹಸಿ ಆಗಿದ್ದೋನು ಈಗ ಸೇಬಿನ ತೋಟ ನೋಡ್ಕೊಂಡಿದಾನೆ. ಸಾಹಸದಲ್ಲಿ ಅವನು ಬರೋದು ಓಲ್ಡ್ ಔಲ್ ವೆಲ್ ಅನ್ನೋ ಜಾಗದ ಹತ್ರ ಏನು ನಡೀತಿದೆ ನೋಡ್ಕೊಂಡು ಬನ್ನಿ ಅಂತ ಕಳಿಸಕ್ಕೆ, ಅದನ್ನ ನಮ್ಮೋರು ಮಾಡಿ ಮುಗಿಸಿದ್ರು, ಅವನು ಇವರಿಗೆ ಋಣಿ. 2014ರ ಡಿಎಂ ಗೈಡ್‌ನಲ್ಲೇ ಒಂದು ಚಿಕ್ಕ ಭಾಗ ಇದೆ, ಬಹುಮಾನ ಅಂತ ದುಡ್ಡು ಕೊಡೋ ಬದಲು ಟ್ರೈನಿಂಗ್ ಕೊಡಬಹುದು, ಅದರಿಂದ ಸ್ಕಿಲ್ಲೋ, ಫೀಟ್ ಅನ್ನೋ ವಿಶೇಷ ಸಾಮರ್ಥ್ಯನೋ ಸಿಗಬಹುದು ಅಂತ. ಎಷ್ಟು ಜನ ಅದನ್ನ ಓದ್ದೆ ದಾಟಿ ಹೋಗ್ತಾರೋ, ನಾನೂ ಹೋಗಿದ್ದೆ.

ಹಾಲ್ಡನ್ ತೋಟಕ್ಕೆ ಹೋದ. ಕತ್ತಿವರಸೆ ಹೇಳ್ಕೊಡಿ ಅಂದ. ನಾನು ಎಡರ್ಮತ್ ಏನು ಮಾಡಿಸ್ತಾನೆ ಅಂತ ಯೋಚಿಸಿ ಇಟ್ಕೊಂಡಿರಲಿಲ್ಲ, "ಮೊದಲ ದಿನ ಅವನು ನಿನ್ನ ಕೈಗೆ ಏನು ಕೊಡ್ತಾನೆ?" ಅಂತ ಹಾಲ್ಡನ್ ಆಡೋನನ್ನೇ ಕೇಳಿದೆ. ಅವನು ಯೋಚನೆನೇ ಮಾಡಲಿಲ್ಲ. "ಗುದ್ದಲಿ" ಅಂದ.

ಯಾಕೆ ಅಂದ್ರೆ ಅವನಜ್ಜ ಹೇಳ್ತಿದ್ರಂತೆ, ಗರಡಿಗೆ ಸೇರಿದ ಹುಡುಗನಿಗೆ ಉಸ್ತಾದ್ ಬಂದ ತಕ್ಷಣ ಪಟ್ಟು ಹೇಳ್ಕೊಡಲ್ಲ, ಮೊದಲು ಮಟ್ಟಿ ಅಗೀಬೇಕು. ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಎಲ್ಲಾ ಹಾಕಿ ಹದ ಮಾಡಿರ್ತಾರಲ್ಲ, ಅದು ಗಟ್ಟಿಯಾಗದ ಹಾಗೆ ದಿನಾ ಅಗೆದು ತಿರುವಿ ಹಾಕ್ಬೇಕು, ಸೊಂಟ ಭುಜ ಎಲ್ಲಾ ಅದರಲ್ಲೇ ತಯಾರಾಗೋದು, ಜೊತೆಗೆ ಬಿದ್ರೆ ಪೆಟ್ಟಾಗಬಾರದ ಮಣ್ಣನ್ನ ನೀನೇ ಮೆತ್ತಗೆ ಮಾಡಿರ್ತೀಯ. ಇದನ್ನ ಅವನು ಹೇಳ್ತಾ ಹೇಳ್ತಾ ಕೈಯಲ್ಲಿ ಗುದ್ದಲಿ ಹಿಡಿದ ಹಾಗೆ ತೋರಿಸ್ದ. ಟೇಬಲ್ ಸುಮ್ಮನಾಗಿತ್ತು, ಮೊಬೈಲ್ ಯಾರ ಕೈಯಲ್ಲೂ ಇರಲಿಲ್ಲ. ಸರಿ ಅಂತ ನಾನು ಮುಂದುವರಿಸಿದೆ, ಸೇಬಿನ ಮರಗಳ ಬುಡದಲ್ಲಿ ಮಂಜುಗಡ್ಡೆ ಕಟ್ಟಿರೋ ಮಣ್ಣನ್ನ ಹಾಲ್ಡನ್ ಮೂರು ವಾರ ಅಗೀತಾನೆ, ಮುದುಕ ಜಗಲಿ ಮೇಲೆ ಕೂತು ನೋಡ್ತಾನೆ, ಒಂದು ಮಾತೂ ಆಡಲ್ಲ. ನಾಲ್ಕನೇ ವಾರ ಮರದ ಕತ್ತಿ ಮತ್ತು ಗುರಾಣಿ ಕೊಟ್ಟು ಎದುರಿಗೆ ನಿಲ್ತಾನೆ.

ಪ್ರಶ್ನೆ ಕೇಳೋ ಸರದಿ ಪಿಪ್ಪಾ ಆಡೋ ಹುಡುಗಿದು. ಹಾಲ್ಡನ್ ಆಡೋನು ಮೊದಲ ಸೆಷನ್‌ಗೇ ತನ್ನ ಪಾತ್ರದ ಒಂದು ಪೆನ್ಸಿಲ್ ಚಿತ್ರ ಬರೆದು ಶೀಟ್‌ಗೆ ಕ್ಲಿಪ್ ಹಾಕಿದ್ದ. ಹದಿನೆಂಟು ಸೆಷನ್ ನಮ್ಮ ಕಣ್ಣೆದುರಿಗೇ ಇತ್ತು ಅದು. ಅವಳು ಅದನ್ನೇ ನೋಡ್ತಿದ್ದು ಕೇಳಿದ್ಲು, "ಅಣ್ಣಾ, ನಿಮ್ಮ ಚಿತ್ರದಲ್ಲಿ ಗುರಾಣಿ ಯಾಕೆ ಎಡಗಡೆಗೆ ಅಷ್ಟು ದೂರ ಇದೆ? ನಿಮ್ಮನ್ನ ಅದು ಮುಚ್ಚೋದೇ ಇಲ್ವಲ್ಲಾ."

"ಅದು ನಂಗೆ ಸರಿಯಾಗಿ ಬರಿಯಕ್ಕೆ ಬರಲಿಲ್ಲ ಅಷ್ಟೇ" ಅಂದ. ಆಮೇಲೆ ಚಿತ್ರ ಬಿಚ್ಚಿ ಕೈಗೆ ತಗೊಂಡು ನೋಡ್ದ. ಸುಮಾರು ಹೊತ್ತು. ಸೈನ್ಯದಲ್ಲಿ ಸಾಲಾಗಿ ನಿಂತಾಗ ಗುರಾಣಿ ಎಡಗೈಲಿ ಇರುತ್ತೆ, ಅದರ ಅರ್ಧ ನಿನ್ನನ್ನ ಕಾಯುತ್ತೆ, ಇನ್ನರ್ಧ ನಿನ್ನ ಎಡಕ್ಕೆ ನಿಂತೋನನ್ನ, ಇದು ಅವನಿಗೆ ಗೊತ್ತಿತ್ತು. "ಅಲ್ಲಿ ಅವನ ತಮ್ಮ ನಿಲ್ತಿದ್ದ" ಅಂದ. "ತಮ್ಮ ಸತ್ತಿಲ್ಲ. ಒಂದಿನ ರಾತ್ರಿ ಸಾಲು ಬಿಟ್ಟು ಓಡಿಹೋದ. ಬೆಳಿಗ್ಗೆ ಓಡಿಹೋದೋರ ಹೆಸರು ಕೇಳಿದಾಗ ಹೇಳಿದ್ದು ಹಾಲ್ಡನ್ನೇ."

ಮೂರು ವಾಕ್ಯಕ್ಕಿಂತ ಒಂದು ಜಾಸ್ತಿ ಆಯ್ತು, ಯಾರೂ ಲೆಕ್ಕ ಹಾಕಲಿಲ್ಲ. ಆರು ಪುಟದಲ್ಲಿ ಸತ್ತಿದ್ದೋರಲ್ಲಿ ಒಬ್ಬ ಹೀಗೆ ಎದ್ದು ಬಂದ. ಆ ಆರು ಪುಟ ಬರೆದೋನು ಒಳ್ಳೇ ಬರಹಗಾರ, ಅದರಲ್ಲಿ ಎರಡು ಮಾತಿಲ್ಲ, ಆದ್ರೆ ಅವನ ಪಾತ್ರದ ಬಗ್ಗೆ ಎಲ್ಲಕ್ಕಿಂತ ದೊಡ್ಡ ವಿಷಯ ಅವನಿಗೇ ಗೊತ್ತಾಗಿದ್ದು 20ನೇ ಸೆಷನ್‌ನಲ್ಲಿ, ಇನ್ನೊಬ್ಬಳು ಅವನ ಚಿತ್ರದ ಒಂದು ತಪ್ಪನ್ನ ನಿಜ ಅಂತ ನಂಬಿ ಕೇಳಿದಾಗ. ಆಟ ಶುರುವಾಗೋ ಮುಂಚೆ ಒಬ್ಬನೇ ಕೂತು ಬರೆದಾಗ ಈ ಪ್ರಶ್ನೆ ಕೇಳೋರು ಯಾರಿರ್ತಾರೆ? ಅದಕ್ಕೇ ನಾನು ಈಗ ಹೊಸಬರಿಗೆ ಮೊದಲೇ ಉದ್ದ ಬರಿಯಬೇಡಿ, ಒಂದು ಸಾಲ, ಒಂದು ಊರು, ಬದುಕಿರೋ ಒಬ್ಬ ಮನುಷ್ಯ, ಇಷ್ಟು ತನ್ನಿ ಸಾಕು ಅಂತ ಹೇಳ್ತೀನಿ.

ಎಡರ್ಮತ್‌ಗೆ ನಾನು ಆಡಿಸಿದ ಮಾತು ಆಮೇಲೆ ತಾನಾಗೇ ಬಂತು, "ಗುರಾಣಿ ನಿನ್ನ ಮುಂದಿಲ್ಲ, ಪಕ್ಕದಲ್ಲಿದೆ. ಯಾರಿಗೆ ಹಿಡಿದಿದೀಯ?" ಉಳಿದ ಎರಡು ತಿಂಗಳು ಎರಡು ದಾರಿ ಇಟ್ಟೆ, ಆ ಅಭ್ಯಾಸ ಬಿಟ್ಟು ಒಬ್ಬನೇ ನಿಲ್ಲೋದು ಕಲೀಬಹುದು, ಇಲ್ಲಾಂದ್ರೆ ಆ ಅಭ್ಯಾಸವನ್ನೇ ಗಟ್ಟಿ ಮಾಡ್ಕೋಬಹುದು. ಅವನು ಎರಡನೇದನ್ನೇ ತಗೊಂಡ. ರೂಲ್ಸ್‌ನಲ್ಲಿ ಅದಕ್ಕೆ ಪ್ರೊಟೆಕ್ಷನ್ ಅನ್ನೋ ಫೈಟಿಂಗ್ ಸ್ಟೈಲ್ ಇದೆ, 5 ಅಡಿಯೊಳಗೆ ಇರೋ ಜೊತೆಗಾರನ ಮೇಲೆ ಯಾರಾದ್ರೂ ಹೊಡೆದ್ರೆ ರಿಯಾಕ್ಷನ್ ಅಂತ, ಅಂದ್ರೆ ತನ್ನ ಸರದಿ ಅಲ್ಲದಾಗ್ಲೂ, ಗುರಾಣಿ ಅಡ್ಡ ಹಿಡಿದು ಹೊಡೆಯೋನಿಗೆ ಡಿಸ್‌ಅಡ್ವಾಂಟೇಜ್ ಕೊಡಬಹುದು, ಅವನು ಎರಡು ಡೈಸ್ ಹಾಕಿ ಕಡಿಮೆ ಬಂದಿದ್ದನ್ನೇ ತಗೋಬೇಕು. ಫೈಟರ್‌ಗೆ ಒಂದು ಸ್ಟೈಲ್ ಆಗ್ಲೇ ಇರುತ್ತೆ, ಎರಡನೇದು ಸಿಗಕ್ಕೆ 2020ರ ಟಾಶಾಸ್ ಕಾಲ್ಡ್ರನ್ ಅನ್ನೋ ರೂಲ್ ಬುಕ್‌ನಲ್ಲಿ ಫೈಟಿಂಗ್ ಇನಿಷಿಯೇಟ್ ಅಂತ ಫೀಟ್ ಬಂತಲ್ಲ, ಅದನ್ನ ಟ್ರೈನಿಂಗ್ ಬಹುಮಾನ ಅಂತ ಕೊಟ್ಟೆ. ಒಂದು ಗೋಲ್ಡ್ ಖರ್ಚಾಗಲಿಲ್ಲ. ಎಡರ್ಮತ್‌ಗೆ ಬೇಕಾಗಿದ್ದು ಏನು ಅಂದ್ರೆ, ಕಲಿತು ಮುಗಿದ ದಿನ ತಮ್ಮನಿಗೆ ಒಂದು ಕಾಗದ ಬರೀಬೇಕು, ಅಷ್ಟೇ. ಬರೆದ. ಟೇಬಲ್‌ನಲ್ಲೇ ಕೂತು ಬರೆದ, ಏನು ಬರೆದ ಅಂತ ನಂಗೂ ತೋರಿಸಲಿಲ್ಲ, ಮಡಚಿ ಡೈಸ್ ಡಬ್ಬಕ್ಕೆ ಹಾಕ್ಕೊಂಡ. ನಾನು ಆರು ಭಾಗದ ಒಂದು ಗಡಿಯಾರ ಬರೆದು ಒಂದು ಭಾಗ ತುಂಬಿಸಿದೆ, ಕಾಗದ ತಲುಪೋ ಗಡಿಯಾರ.

ಪಿಪ್ಪಾದು ಬೇರೆ ಥರ ಆಯ್ತು. ಅವಳಿಗೆ ಕಲಿಯೋದು ಏನೂ ಬೇಕಿರಲಿಲ್ಲ. ಊರಲ್ಲಿ ಮಿರ್ನಾ ಡೆಂಡ್ರಾರ್ ಅಂತ ಹೆಂಗಸು, ಅವಳ ಗಂಡನ್ನ ರೆಡ್‌ಬ್ರಾಂಡ್ ಗ್ಯಾಂಗ್‌ನೋರು ಕೊಂದಿರ್ತಾರೆ, ಮಗಳು ನಿಲ್ಸಾ, ಮಗ ನಾರ್ಸ್ 13 ವರ್ಷದೋನು, ಇವರನ್ನ ನಮ್ಮೋರೇ ಬಿಡಿಸ್ಕೊಂಡು ಬಂದಿದ್ರು. ಆ ಹುಡುಗ ಪಿಪ್ಪಾ ಹಿಂದೆನೇ ಬೀಳ್ತಾನೆ, ಬೀಗ ತೆಗೆಯೋದು ಕಲಿಸು ಅಂತ. ನಾನು ಇದನ್ನ ಸುಮ್ಮನೆ ನಗುವಿಗೆ ಅಂತ ತಂದಿದ್ದು, ಅವಳು ಗಂಭೀರವಾಗಿ ತಗೊಂಡು ಮೊದಲನೇ ತಿಂಗಳ ಕೆಲಸನೇ ಅದು ಅಂತ ಹೇಳಿದ್ಲು. ಕ್ಲೆರಿಕ್ ಆಡೋಳು ಪ್ರಶ್ನೆ ಕೇಳಿದ್ಲು, "ನಿಂಗೆ ಯಾರು ಕಲಿಸಿದ್ದು?"

"ಯಾರೂ ಇಲ್ಲ. ಹೊರಗಿಂದ ಬೀಗ ಹಾಕ್ಕೊಂಡು ಹೋಗ್ತಿದ್ರು. ಒಳಗಿಂದ ತೆಗೆಯೋದು ಕಲಿತೆ."

ಕಥೆ ಬರಿಯಕ್ಕೆ ಬರಲ್ಲ ಅಂದ ಹುಡುಗಿ. ನಾನು ಅಲ್ಲಿಗೇ ಆ ಸೀನ್ ಮುಗಿಸಿ ಟೀ ಬ್ರೇಕ್ ಕೊಟ್ಟೆ, ಅಡುಗೆಮನೆಗೆ ಕರ್ಕೊಂಡು ಹೋಗಿ ಕೇಳಿದೆ, ಇದು ಪಿಪ್ಪಾದಾ ನಿಂದಾ ಅಂತ. "ಪಿಪ್ಪಾದೇ ಅಕ್ಕಾ, ಆಣೆಗೂ, ನಂಗೂ ಬಾಯಿಗೆ ಬಂದ ಮೇಲೇ ಗೊತ್ತಾಗಿದ್ದು" ಅಂದ್ಲು. ಹಾಗೆ ಕೇಳೋದನ್ನ ಮಾತ್ರ ಬಿಡಬೇಡಿ. ಹಿಂದಿನ ಕಥೆ ಕೇಳೋವಾಗ ಯಾವುದು ಆಟದ್ದು ಯಾವುದು ಮನೇದು ಅಂತ ಹೊರಗಿಂದ ಗೊತ್ತಾಗಲ್ಲ, ಎಲ್ರ ಮುಂದೆ ಕೇಳಿದ್ರೆ ಅವರು ನಿಜ ಹೇಳೋದೂ ಇಲ್ಲ. ಪಿಪ್ಪಾ ಆ ಹುಡುಗನಿಗೆ ಬೀಗ ತೆಗೆಯೋದು ಕಲಿಸಿದ್ಲು, ಮಿರ್ನಾ ಬಂದು ಬೈದ್ಲು, "ನನ್ನ ಮಗನ್ನ ಕಳ್ಳ ಮಾಡ್ತೀಯಾ" ಅಂತ, ಪಿಪ್ಪಾ ಉತ್ತರ ಕೊಡದೆ ಅವಳ ಮನೆ ಬಾಗಿಲಿಗೆ ಒಳಗಿಂದ ಹಾಕೋ ಒಂದು ಹೊಸ ಚಿಲಕ ಕೂರಿಸಿ ಬಂದ್ಲು. ರೂಲ್ಸ್ ಪ್ರಕಾರ ಅವಳಿಗೆ ಸಿಕ್ಕಿದ್ದು ಏನೂ ಇಲ್ಲ. ಊರಲ್ಲಿ ಒಂದು ಮನೆ ಸಿಕ್ತು.

ಮಿರೆಲ್‌ದು ಜಾಸ್ತಿ ಹೇಳಲ್ಲ. ವಿಝರ್ಡ್‌ಗೆ ಡೌನ್‌ಟೈಮ್‌ನಲ್ಲಿ ಕೆಲಸ ರೂಲ್ಸೇ ಕೊಡುತ್ತೆ, ಊರಿನ ಗುಡಿ ನೋಡ್ಕೊಳ್ಳೋ ಸಿಸ್ಟರ್ ಗಾರೇಲ್ ಹತ್ರ ಓದಿದ, ಸ್ಪೆಲ್ ಬರ್ಕೊಂಡ, ಚೆನ್ನಾಗೇ ಆಯ್ತು.

ಕೆಟ್ಟಿದ್ದೂ ಇದೆ. ಓರ್ಲಾ ಆಡೋಳಿಗೆ ಎರಡನೇ ತಿಂಗಳ ಸುತ್ತಿನ ದಿನ ಡ್ಯೂಟಿ ಬದಲಾಗಿ ಬರಕ್ಕಾಗಲಿಲ್ಲ, ಅವಳದ್ದನ್ನ ವಾಟ್ಸಾಪ್ ವಾಯ್ಸ್ ಮೆಸೇಜ್‌ನಲ್ಲಿ ಮಾಡಿದ್ವಿ, ಅದು ಸೊರಗಿ ಹೋಯ್ತು, ಪಕ್ಕದಲ್ಲಿ ಕೂತು ಕೇಳೋರಿಲ್ಲದಿದ್ರೆ ಉತ್ತರಕ್ಕೆ ತೂಕ ಬರಲ್ಲ. ಮೂರನೇ ಸುತ್ತಲ್ಲಿ ನನ್ನ ತಮ್ಮ ಅವಳಿಗೆ ಕೇಳಿದ ಪ್ರಶ್ನೆ, "ನಿನ್ನ ದೇವರಿಗೆ ನೀನು ಯಾಕೆ ಮೋಸ ಮಾಡ್ದೆ?" ಅವಳು ಮೋಸ ಮಾಡಿದಾಳೆ ಅಂತ ಯಾರು ಹೇಳಿದ್ದು? ಅವಳ ಮುಖ ಸಣ್ಣದಾಯ್ತು, ಉತ್ತರ ಹೇಳ್ದೆ ದಾಟಿಸಿದ್ಲು. ಆವತ್ತೇ ಇನ್ನೊಂದು ರೂಲ್ ಸೇರಿಸಿದ್ವಿ, ಪ್ರಶ್ನೆಯೊಳಗೆ ಉತ್ತರ ಇಟ್ಟು ಕೇಳೋ ಹಾಗಿಲ್ಲ, ಟೇಬಲ್ ಮೇಲೆ ಎಲ್ರೂ ನೋಡಿರೋ ವಿಷಯದ ಬಗ್ಗೆನೇ ಕೇಳಬೇಕು, ಚಿತ್ರದ ಗುರಾಣಿ ಥರ. ಮತ್ತೆ ಅವಳ ಇನ್ನೊಂದು ಮಾತೂ ನ್ಯಾಯವಾಗಿತ್ತು. ಹಾಲ್ಡನ್‌ಗೆ ಪುಕ್ಕಟೆ ಒಂದು ಫೀಟ್, ಓರ್ಲಾಗೆ ಸಿಕ್ಕಿದ್ದು ಎಲ್ವಿಶ್ ಭಾಷೆ, ಅದಕ್ಕೂ ನಾನು ಮೊದಲಿನ ಲೆಕ್ಕದ 250 ಗೋಲ್ಡನ್ನೇ ಕಳೆದಿದ್ದೆ. ಇದು ನನ್ನ ತಪ್ಪು, ಹೊಸ ಪದ್ಧತಿ ಎಲ್ರಿಗೂ ಒಂದೇ ಅಂತ ಹೇಳಿ ಅವಳಿಗೆ ಮಾತ್ರ ಹಳೇ ಬಿಲ್ ಹಾಕಿದ್ದೆ. ಗೋಲ್ಡ್ ವಾಪಸ್ ಕೊಟ್ಟೆ, ಆದ್ರೆ ಆ ಚಳಿಗಾಲ ಅವಳಿಗೆ ವಾಪಸ್ ಬರಲ್ಲ. ಒಬ್ಬರ ಕಥೆ ಚೆನ್ನಾಗಿ ಕೂತ್ಕೊಂಡಾಗ ಡಿಎಂ ಕಣ್ಣು ಅಲ್ಲೇ ನಿಂತ್ಬಿಡುತ್ತೆ, ಪಕ್ಕದಲ್ಲಿ ಇನ್ನೊಬ್ಬರು ಸುಮ್ಮನೆ ಕೂತಿರ್ತಾರೆ.

ಸಮಯದ ಲೆಕ್ಕನೂ ಕೊಡ್ತೀನಿ. ಮೊದಲ ಪ್ರಯತ್ನ ಎರಡೂವರೆ ಗಂಟೆ. ಎರಡನೇದು ಮೂರು ಸುತ್ತು, ಒಂದೊಂದು ಸುತ್ತಿಗೆ ಎರಡೂವರೆ ಗಂಟೆ ಹತ್ರ. ಸಾಹಸ ಬೇಗ ಶುರುವಾಗ್ಲಿ ಅನ್ನೋ ಟೇಬಲ್‌ಗೆ ಇದು ಜಾಸ್ತಿನೇ. ನಮ್ಮಲ್ಲಿ ಯಾರೂ ಗಡಿಯಾರ ನೋಡಲಿಲ್ಲ.

ಇದೆಲ್ಲಾ ಆಗಿ ನಾಲ್ಕು ಸೆಷನ್ ಆದ್ಮೇಲೆ ನೆವರ್‌ವಿಂಟರ್ ಪಟ್ಟಣಕ್ಕೆ ಹೋಗೋ ದಾರಿಯಲ್ಲಿ ಒಂದು ಸೇತುವೆ ಹತ್ರ ಹೊಂಚು ಹಾಕಿ ಕೂತಿದ್ದೋರು ಮೇಲೆ ಬಿದ್ರು. ಯಾರ ಸರದಿ ಮೊದಲು ಅನ್ನೋ ಇನಿಷಿಯೇಟಿವ್ ಆಯ್ತು, ಚೌಕಗಳ ಗ್ರಿಡ್ ಹಾಸಿದ್ವಿ, ಎಲ್ರೂ ತಮ್ಮ ತಮ್ಮ ಮಿನಿ, ಅಂದ್ರೆ ಪಾತ್ರದ ಪುಟ್ಟ ಗೊಂಬೆ, ಇಟ್ರು. ಹಾಲ್ಡನ್ ಆಡೋನು ತನ್ನ ಮಿನಿನ ಸೇತುವೆ ಮಧ್ಯ ಇಟ್ಟ, ಎಡಗಡೆ ಒಂದು ಚೌಕ ಖಾಲಿ ಬಿಟ್ಟ, ಏನೂ ಹೇಳಲಿಲ್ಲ. ಪಿಪ್ಪಾ ಆಡೋ ಹುಡುಗಿ ಸಾಮಾನ್ಯವಾಗಿ ಹಿಂದೆ ಮರೆಯಲ್ಲಿ ನಿಂತು ಬಾಣ ಬಿಡೋಳು, ಆವತ್ತು ತನ್ನ ಸರದಿಯಲ್ಲಿ ಪೂರ್ತಿ 25 ಅಡಿ ಮೂವ್ ಮಾಡಿ ಬಂದು ಆ ಚೌಕದಲ್ಲಿ ಮಿನಿ ಇಟ್ಲು. ಮುಂದಿನ ಏಟು ಅವಳ ಮೇಲೇ ಬಂತು. "ರಿಯಾಕ್ಷನ್" ಅಂದ ಅವನು, ನಾನು ಎರಡು ಡೈಸ್ ಹಾಕಿದೆ, 17 ಮತ್ತು 4, ನಾಲ್ಕನ್ನ ತಗೊಂಡೆ.

ಗಡಿಯಾರದಲ್ಲಿ ಈಗ ಆರರಲ್ಲಿ ನಾಲ್ಕು ಭಾಗ ತುಂಬಿದೆ. ಕಾಗದ ಇನ್ನೂ ಅವನ ಡೈಸ್ ಡಬ್ಬದಲ್ಲೇ ಇದೆ, ತಲುಪೋ ದಿನ ನಂಗೆ ಕೊಡ್ತಾನಂತೆ, ತಮ್ಮನ ಉತ್ತರ ನಾನು ಬರೀಬೇಕು. ಮುಂದಿನ ಚಳಿಗಾಲ ನೆವರ್‌ವಿಂಟರ್‌ನಲ್ಲಿ, ಮೊದಲನೇ ಸುತ್ತು ಓರ್ಲಾದು, ಆ ಭಾನುವಾರ ರಜೆಗೆ ಅವಳು ಈಗ್ಲೇ ಅರ್ಜಿ ಹಾಕಿದಾಳೆ.